ಪರಿಹಾರದ ಲೆಕ್ಕಕ್ಕೆ ಸಿಗದ ಮಲೆನಾಡು

ಮಳೆಗಾಲ ಮುಗಿಯುತ್ತಿದ್ದಂತೆ ಪತ್ರಿಕೆಗಳಲ್ಲಿ ಪ್ರತಿವರ್ಷವೂ ಎರಡು ಹೇಳಿಕೆಗಳು ಕಾಣಿಸಿಕೊಳ್ಳುತ್ತವೆ. ಮೊದಲನೆಯದು ಸರ್ಕಾರದ್ದು: ಇಷ್ಟು ಲಕ್ಷ ಹೆಕ್ಟೇರು ಬೆಳೆ ನಾಶವಾಗಿದೆ, ಇಷ್ಟು ಕೋಟಿ ರೂಪಾಯಿ ಪರಿಹಾರ ರೈತರ ಖಾತೆಗೆ ಜಮಾ ಆಗಿದೆ. ಎರಡನೆಯದು ಅರ್ಥಶಾಸ್ತ್ರ ಬಲ್ಲವರದ್ದು: ಬೆಳೆವಿಮೆಯೆಂಬ ವ್ಯವಸ್ಥೆ ಇರುವಾಗ ವಿಮೆ ಮಾಡಿಸದ ರೈತನಿಗೆ ಬೊಕ್ಕಸದಿಂದ ಹಣ ಏಕೆ ಕೊಡಬೇಕು? ಹೀಗೆ ಕೊಡುತ್ತ ಹೋದರೆ ವಿಮೆಯ ಕಂತು ಕಟ್ಟುವವರು ಯಾರು? ಮೊದಲನೆಯ ಹೇಳಿಕೆಯನ್ನು ಓದಿ ನಗರದ ಓದುಗ ಸಮಾಧಾನಪಡುತ್ತಾನೆ. ಎರಡನೆಯದನ್ನು ಓದಿ ಹೌದಲ್ಲವೇ ಎಂದು ತಲೆದೂಗುತ್ತಾನೆ. ಮಲೆನಾಡಿನ ಕಣಿವೆಯೊಂದರಲ್ಲಿ ಅರ್ಧ ಎಕರೆ ತೋಟ, ಅರ್ಧ ಎಕರೆ ಗದ್ದೆ ಇಟ್ಟುಕೊಂಡಿರುವ ಕುಟುಂಬಕ್ಕೆ ಈ ಎರಡು ಹೇಳಿಕೆಗಳಲ್ಲಿ ಒಂದೂ ಅನ್ವಯಿಸುವುದಿಲ್ಲ. ಅದಕ್ಕೆ ವಿಮೆಯೂ ತಲುಪಿರುವುದಿಲ್ಲ, ಪರಿಹಾರವೂ ತಲುಪಿರುವುದಿಲ್ಲ. ತಲುಪಿದ್ದರೂ ನಷ್ಟಕ್ಕೂ ಬಂದ ಹಣಕ್ಕೂ ಯಾವ ಸಂಬಂಧವೂ ಇರುವುದಿಲ್ಲ.

ವಿಮೆಯಿಲ್ಲದ ಬೆಳೆಗೆ ಸರ್ಕಾರ ನೆರವು ಕೊಡಲೇಬೇಕು ಎಂಬುದು ಈ ಲೇಖನದ ನಿಲುವು. ಆದರೆ ಇಂದು ಕೊಡುತ್ತಿರುವ ರೀತಿಯಲ್ಲಿ ಅಲ್ಲ. ಬಯಲುಸೀಮೆಯ ಏಕಬೆಳೆಯ ಹೊಲವನ್ನು ಕಣ್ಣಮುಂದಿಟ್ಟುಕೊಂಡು ರೂಪಿಸಿದ ಅಳತೆಗೋಲಿನಿಂದ ಗುಡ್ಡಗಾಡಿನ ನಷ್ಟವನ್ನು ಅಳೆಯುತ್ತಿರುವುದೇ ನಮ್ಮ ಸಮಸ್ಯೆಯ ಮೂಲ.

ನಿಯಮ ಹೇಳುವುದೇನು?

ಬೆಳೆ ಪರಿಹಾರವೆಂದು ನಾವು ಕರೆಯುವ ಹಣದ ಸರ್ಕಾರಿ ಹೆಸರು ‘ಇನ್‌ಪುಟ್ ಸಬ್ಸಿಡಿ’. ಅಂದರೆ ಬೀಜ, ಗೊಬ್ಬರ, ಉಳುಮೆಗಾಗಿ ಮಾಡಿದ ವೆಚ್ಚದಲ್ಲಿ ಒಂದು ಪಾಲು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಚೌಕಟ್ಟಿನಲ್ಲಿ ರಾಜ್ಯ ವಿಪತ್ತು ಸ್ಪಂದನಾ ನಿಧಿ ಹಾಗೂ ರಾಷ್ಟ್ರೀಯ ವಿಪತ್ತು ಸ್ಪಂದನಾ ನಿಧಿ ಎಂಬ ಎರಡು ನಿಧಿಗಳಿವೆ. ಕರ್ನಾಟಕದಂತಹ ರಾಜ್ಯಗಳಲ್ಲಿ ರಾಜ್ಯ ನಿಧಿಗೆ ಕೇಂದ್ರವು ಶೇ. 75ರಷ್ಟನ್ನೂ ರಾಜ್ಯವು ಶೇ. 25ರಷ್ಟನ್ನೂ ನೀಡುತ್ತ ಬಂದಿವೆ. ಯಾವ ನಷ್ಟಕ್ಕೆ ಎಷ್ಟು ಹಣ ಎಂಬುದನ್ನು ಕೇಂದ್ರ ಗೃಹ ಸಚಿವಾಲಯ ನಿಗದಿಪಡಿಸುತ್ತದೆ. 2022-23ರಿಂದ 2025-26ರವರೆಗಿನ ಅವಧಿಗೆ ನಿಗದಿಯಾದ ದರ ಹೀಗಿತ್ತು: ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000 ರೂಪಾಯಿ, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಇದಕ್ಕೆ ಹಿಂದಿನ, ಅಂದರೆ 2015ರ ದರಗಳು ಕ್ರಮವಾಗಿ 6,800, 13,500 ಮತ್ತು 18,000 ರೂಪಾಯಿ ಇದ್ದವು. ಒಬ್ಬ ರೈತನಿಗೆ ಎರಡು ಹೆಕ್ಟೇರಿನ ಮಿತಿ. ಬೆಳೆನಷ್ಟ ಶೇ. 33 ಅಥವಾ ಅದಕ್ಕಿಂತ ಹೆಚ್ಚಿರಬೇಕು. 2015ಕ್ಕೆ ಮೊದಲು ಈ ಮಿತಿ ಶೇ. 50 ಆಗಿತ್ತು.

ಈ ನಿಯಮದಲ್ಲಿ ವಿಮೆ ಮಾಡಿಸಿದವನು, ಮಾಡಿಸದವನು ಎಂಬ ಭೇದವಿಲ್ಲ. ಅಷ್ಟರಮಟ್ಟಿಗೆ ಅದು ಉದಾರವಾದದ್ದೇ. ಆದರೆ ಇದು ‘ಪರಿಹಾರ’ವಲ್ಲ, ಆ ಕ್ಷಣದ ಆಸರೆ ಮಾತ್ರ ಎಂದು ಕೇಂದ್ರ ಸರ್ಕಾರವೇ ಮತ್ತೆ ಮತ್ತೆ ಸ್ಪಷ್ಟಪಡಿಸಿದೆ. ಆಗಿರುವ ನಷ್ಟವನ್ನು ತುಂಬಿಕೊಡುವ ಉದ್ದೇಶ ಈ ನಿಧಿಗೆ ಇಲ್ಲ. ನಮ್ಮ ಭಾಷೆಯಲ್ಲಿ ಮಾತ್ರ ‘ಪರಿಹಾರ’ ಎಂಬ ದೊಡ್ಡ ಪದ ರೂಢಿಗೆ ಬಂದು, ಕೊಡುವವರಿಗೆ ಕೀರ್ತಿಯನ್ನೂ ಪಡೆಯುವವರಿಗೆ ನಿರಾಶೆಯನ್ನೂ ತಂದಿದೆ.

ಮರವೊಂದಕ್ಕೆ ಹದಿನಾರು ರೂಪಾಯಿ

ಅಂಕಿಗಳನ್ನು ಹೆಕ್ಟೇರಿನಲ್ಲಿ ಓದಿದಾಗ ಅವುಗಳ ನಿಜವಾದ ತೂಕ ತಿಳಿಯುವುದಿಲ್ಲ. ಅಡಿಕೆಯನ್ನು ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಒಂದು ಹೆಕ್ಟೇರಿಗೆ ಸುಮಾರು 1,370 ಮರಗಳು ಹಿಡಿಯುತ್ತವೆ. 22,500 ರೂಪಾಯಿಯನ್ನು ಅಷ್ಟು ಮರಗಳಿಗೆ ಹಂಚಿದರೆ ಮರವೊಂದಕ್ಕೆ ಹದಿನಾರು ರೂಪಾಯಿ ಚಿಲ್ಲರೆ. ಗಾಳಿಗೆ ಬಿದ್ದ, ಇಲ್ಲವೇ ಧರೆ ಕುಸಿದು ಮಣ್ಣಿನಡಿ ಸೇರಿದ ಮರದ ಜಾಗದಲ್ಲಿ ಇಂದು ಸಸಿ ನೆಟ್ಟರೆ ಫಸಲು ಕಾಣಲು ಐದರಿಂದ ಏಳು ವರ್ಷ ಬೇಕು. ಆ ಏಳು ವರ್ಷಗಳ ಕಾಯುವಿಕೆಗೆ ಸರ್ಕಾರದ ಲೆಕ್ಕದಲ್ಲಿರುವ ಬೆಲೆ ಹದಿನಾರು ರೂಪಾಯಿ.

ವಾರ್ಷಿಕ ಬೆಳೆಯ ಒಂದು ಹಂಗಾಮಿನ ನಷ್ಟ ಬೇರೆ, ಬಹುವಾರ್ಷಿಕ ಬೆಳೆಯ ಮರವೇ ಹೋಗುವ ನಷ್ಟ ಬೇರೆ. ಜೋಳ ಹೋದರೆ ಮುಂದಿನ ಮಳೆಗೆ ಮತ್ತೆ ಬಿತ್ತಬಹುದು. ಅಡಿಕೆ, ಕಾಫಿ, ಮೆಣಸು, ಜಾಯಿಕಾಯಿ ಹೋದರೆ ಒಂದು ತಲೆಮಾರಿನ ದುಡಿಮೆಯ ಬಹುಭಾಗ ಹೋದಂತೆ. ನಿಯಮವು ಬಹುವಾರ್ಷಿಕ ಬೆಳೆಗೆ ಸ್ವಲ್ಪ ಹೆಚ್ಚಿನ ದರ ಕೊಟ್ಟು ಈ ವ್ಯತ್ಯಾಸವನ್ನು ಹೆಸರಿಗಷ್ಟೇ ಒಪ್ಪಿಕೊಂಡಿದೆ. ಕಾಯಿ ಉದುರಿದ್ದಕ್ಕೂ ಮರ ಸತ್ತದ್ದಕ್ಕೂ ಅದರಲ್ಲಿ ಒಂದೇ ದರ.

ಇನ್ನು ಹಿಡುವಳಿಯ ಗಾತ್ರ. ಮಲೆನಾಡಿನ ತೋಟಗಳನ್ನು ಗುಂಟೆಯಲ್ಲಿ ಎಣಿಸುವವರೇ ಹೆಚ್ಚು. ಹತ್ತು ಗುಂಟೆ ತೋಟವೆಂದರೆ ಹೆಕ್ಟೇರಿನ ಹತ್ತನೆಯ ಒಂದು ಭಾಗ. ಲೆಕ್ಕದಂತೆ ಬರುವುದು 2,276 ರೂಪಾಯಿ. ಬಹುವಾರ್ಷಿಕ ಬೆಳೆಗೆ ಕನಿಷ್ಠ ಮೊತ್ತವೆಂದು 2,500 ರೂಪಾಯಿ ಗೊತ್ತುಪಡಿಸಿದ್ದರಿಂದ ಅಷ್ಟು ಸಿಗಬೇಕು. ಇಪ್ಪತ್ತು ಗುಂಟೆ ಮಳೆಯಾಶ್ರಿತ ಗದ್ದೆಗೆ 1,720 ರೂಪಾಯಿ. ಪಹಣಿ, ಆಧಾರ್, ಬ್ಯಾಂಕ್ ಪುಸ್ತಕಗಳ ಪ್ರತಿ ಹಿಡಿದು ನಾಡಕಚೇರಿಗೂ ತಾಲ್ಲೂಕು ಕಚೇರಿಗೂ ಮೂರು ಸಲ ಓಡಾಡಿದರೆ, ಬಸ್ ಚಾರ್ಜು ಮತ್ತು ತಪ್ಪಿದ ಕೂಲಿಯಲ್ಲೇ ಅದರ ದೊಡ್ಡ ಪಾಲು ಕರಗಿಹೋಗುತ್ತದೆ. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ.

‘ವಿಮೆ ಮಾಡಿಸಬಾರದಿತ್ತೇ?’

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 2016ರ ಮುಂಗಾರಿನಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಜಾರಿಗೆ ಬಂದಿತು. ಮುಂಗಾರಿನ ಆಹಾರ ಬೆಳೆಗೆ ರೈತನ ಕಂತು ವಿಮಾ ಮೊತ್ತದ ಶೇ. 2, ಹಿಂಗಾರಿನದಕ್ಕೆ ಶೇ. 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ. 5. ಅಡಿಕೆ, ಕಾಳುಮೆಣಸುಗಳಿಗೆ ಹವಾಮಾನ ಆಧಾರಿತ ಬೆಳೆವಿಮೆ ಇದೆ. ಕಳೆದ ಕೆಲವು ವರ್ಷಗಳ ಅಧಿಸೂಚನೆಗಳಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತವೂ 6,400 ರೂಪಾಯಿ ಕಂತೂ ನಿಗದಿಯಾಗಿದ್ದವು. 22,500ರ ಪಕ್ಕದಲ್ಲಿ ಈ ಮೊತ್ತವನ್ನಿಟ್ಟು ನೋಡಿದರೆ ವಿಮೆಯೇ ಲೇಸು ಎನ್ನುವುದರಲ್ಲಿ ಅನುಮಾನವಿಲ್ಲ. ಅಡಿಕೆ ಬೆಳೆಗಾರರಲ್ಲಿ ಸಾಧ್ಯವಿದ್ದವರು ವಿಮೆ ಮಾಡಿಸಬೇಕೆಂದೇ ನಾನು ಹೇಳುತ್ತೇನೆ.

ಆದರೆ ಸಾಧ್ಯವಿಲ್ಲದವರು ಯಾರು ಎಂಬುದನ್ನು ನೋಡಬೇಕು. ವಿಮೆ ದೊರೆಯುವುದು ಅಧಿಸೂಚಿತ ಪ್ರದೇಶದ ಅಧಿಸೂಚಿತ ಬೆಳೆಗೆ ಮಾತ್ರ. ನಮ್ಮ ತೋಟಗಳಲ್ಲಿರುವ ಜಾಯಿಕಾಯಿ, ಲವಂಗ, ಉಪ್ಪಾಗೆ, ಮುರುಗಲು, ಹಲಸು, ಮನೆ ಹಿಂದಿನ ವೀಳ್ಯದೆಲೆ ಬಳ್ಳಿ, ಅಲ್ಲೊಂದು ಇಲ್ಲೊಂದು ಬಾಳೆ ಇವೆಲ್ಲ ಅಧಿಸೂಚನೆಯ ಕಣ್ಣಿಗೆ ಬೀಳುವ ಬೆಳೆಗಳಲ್ಲ. ಒಂದು ಕುಟುಂಬದ ವರ್ಷದ ಖರ್ಚನ್ನು ತೂಗಿಸುವುದರಲ್ಲಿ ಅವುಗಳ ಪಾಲು ಸಣ್ಣದಲ್ಲದಿದ್ದರೂ ವಿಮಾ ಕಂಪನಿಯ ಪಟ್ಟಿಯಲ್ಲಿ ಅವು ಇಲ್ಲ.

ಎರಡನೆಯದು, ಹವಾಮಾನ ವಿಮೆಯು ಬೆಳೆಯನ್ನು ನೋಡುವುದಿಲ್ಲ, ಮಳೆಮಾಪಕವನ್ನು ನೋಡುತ್ತದೆ. ಗ್ರಾಮ ಪಂಚಾಯಿತಿಗೊಂದು ಮಾಪಕದ ಅಂಕಿಯೇ ಇಡೀ ಪಂಚಾಯಿತಿಯ ಭವಿಷ್ಯವನ್ನು ನಿರ್ಧರಿಸುತ್ತದೆ. ಬಯಲಿನಲ್ಲಿ ಇದು ಅಷ್ಟೇನೂ ತಪ್ಪಲ್ಲ. ಆದರೆ ಘಟ್ಟದ ಅಂಚಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವಾಗ ಅದೇ ಜಿಲ್ಲೆಯ ಶಿವಮೊಗ್ಗ ನಗರದಲ್ಲಿ ಬೀಳುವುದು ಸಾವಿರ ಮಿಲಿಮೀಟರಿನ ಆಸುಪಾಸು. ಗುಡ್ಡದ ಗಾಳಿಮುಖದ ಊರಿಗೂ ಮರೆಯ ಊರಿಗೂ ಮಳೆಯ ಲೆಕ್ಕವೇ ಬೇರೆ. ಮಾಪಕವಿರುವುದು ಪಂಚಾಯಿತಿ ಕಟ್ಟಡದ ಬಳಿ, ಕೊಳೆಯುವುದು ನಾಲ್ಕು ಮೈಲಿ ಮೇಲಿನ ಕಣಿವೆಯ ತೋಟ. ಇಂತಹ ಕಡೆ ಕಂತು ಕಟ್ಟಿದವನಿಗೆ ನಷ್ಟವಾದರೂ ಹಣ ಬಾರದಿರುವುದು, ಪಕ್ಕದ ಪಂಚಾಯಿತಿಯಲ್ಲಿ ನಷ್ಟವಾಗದವನಿಗೆ ಹಣ ಬರುವುದು ಎರಡೂ ಸಂಭವಿಸುತ್ತವೆ. ಒಮ್ಮೆ ಹೀಗಾದರೆ ಮರುವರ್ಷ ಆ ಕೇರಿಯಲ್ಲಿ ಕಂತು ಕಟ್ಟುವವರು ಕಡಿಮೆಯಾಗುವುದು ಸಹಜ. ಅದನ್ನು ರೈತನ ಅಜ್ಞಾನವೆಂದು ಕರೆಯುವುದು ಅನ್ಯಾಯ.

ಭತ್ತದ ಕತೆಯೂ ಇಂಥದ್ದೇ. ಹೊಳೆ ಉಕ್ಕಿ ಗದ್ದೆಯಲ್ಲಿ ನೀರು ನಿಂತು ಭತ್ತ ಕೊಳೆಯುವುದು ನಮ್ಮ ಕಣಿವೆಗಳ ಸಾಮಾನ್ಯ ನಷ್ಟ. ಸ್ಥಳೀಯ ವಿಕೋಪಗಳ ಪಟ್ಟಿಯಿಂದ ಭತ್ತದ ಜಲಾವೃತ ನಷ್ಟವನ್ನು 2018ರಲ್ಲಿ ಕೈಬಿಡಲಾಯಿತು. ಅದನ್ನು ಮತ್ತೆ ಸೇರಿಸುವುದಾಗಿಯೂ, ಕಾಡುಪ್ರಾಣಿಗಳಿಂದಾಗುವ ನಷ್ಟಕ್ಕೂ ರಕ್ಷಣೆ ಒದಗಿಸುವುದಾಗಿಯೂ, ಎರಡನ್ನೂ 2026ರ ಮುಂಗಾರಿನಿಂದ ಜಾರಿಗೆ ತರುವುದಾಗಿಯೂ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಇದು ಸ್ವಾಗತಾರ್ಹ. ಆದರೆ ನಷ್ಟವಾದ 72 ಗಂಟೆಯೊಳಗೆ ಮೊಬೈಲ್ ಮೂಲಕ ತಿಳಿಸಬೇಕೆಂಬ ಷರತ್ತನ್ನು ಆಷಾಢದ ಮಳೆಯಲ್ಲಿ ವಾರಗಟ್ಟಲೆ ವಿದ್ಯುತ್ತೂ ಸಿಗ್ನಲ್ಲೂ ಇಲ್ಲದ ಊರಿನವರು ಹೇಗೆ ಪಾಲಿಸಬೇಕು? ನಡುವಣ ಎಂಟು ಮಳೆಗಾಲಗಳಲ್ಲಿ ಹೊಳೆಗೆ ಹೋದ ಭತ್ತಕ್ಕೆ ಉತ್ತರ ಕೊಡುವವರು ಯಾರು?

ಪಹಣಿಯಲ್ಲಿ ಹೆಸರಿಲ್ಲದವನ ಬೆಳೆ

ವಿಮೆಗೂ ಪರಿಹಾರಕ್ಕೂ ಬಾಗಿಲು ಒಂದೇ, ಅದು ಪಹಣಿ. ‘ಫ್ರೂಟ್ಸ್’ ಎಂಬ ನೋಂದಣಿ ವ್ಯವಸ್ಥೆಯಲ್ಲಿ ರೈತನ ಗುರುತಿನ ಸಂಖ್ಯೆಗೆ ಜಮೀನಿನ ಸರ್ವೆ ನಂಬರು ಜೋಡಣೆಯಾಗಿರಬೇಕು, ಆಧಾರ್‌ಗೆ ಬ್ಯಾಂಕ್ ಖಾತೆ ಜೋಡಣೆಯಾಗಿರಬೇಕು. ಮಧ್ಯವರ್ತಿಗಳ ಕೈಯಿಂದ ಹಣವನ್ನು ಬಿಡಿಸಿದ್ದು ಈ ವ್ಯವಸ್ಥೆಯ ದೊಡ್ಡ ಉಪಕಾರ, ಅದನ್ನು ಒಪ್ಪಿಕೊಳ್ಳೋಣ. ಆದರೆ ಪಹಣಿಯೇ ಇಲ್ಲದವರ ಗತಿಯೇನು?

ಮಲೆನಾಡಿನಲ್ಲಿ ಅಂತಹವರು ಬೆರಳೆಣಿಕೆಯಷ್ಟಲ್ಲ. ಬಗರ್ ಹುಕುಂ ಸಾಗುವಳಿಗೆ ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ ವರ್ಷಗಳಿಂದ ಕಾಯುತ್ತಿರುವವರಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಸಲ್ಲಿಸಿ ತಿರಸ್ಕೃತರಾದವರಿದ್ದಾರೆ. ಅಜ್ಜನ ಹೆಸರಿನಲ್ಲೇ ಉಳಿದ ಖಾತೆಯಲ್ಲಿ ನಾಲ್ಕು ಮನೆಯವರು ದುಡಿಯುತ್ತಿದ್ದಾರೆ. ಪೌತಿ ಖಾತೆಯಾಗದ ಕಾರಣ ನಾಲ್ವರಲ್ಲಿ ಯಾರಿಗೂ ಹಣ ಬರುವುದಿಲ್ಲ. ಗಂಡ ತೀರಿಕೊಂಡ ಮೇಲೆ ತೋಟವನ್ನು ಒಬ್ಬಳೇ ನಿಭಾಯಿಸುವ ಹೆಣ್ಣುಮಗಳ ಹೆಸರು ಪಹಣಿಯ ಯಾವ ಕಾಲಮ್ಮಿನಲ್ಲಿಯೂ ಇರುವುದಿಲ್ಲ. ಇನ್ನು ಗದ್ದೆಯನ್ನು ವರ್ಷದ ಲೆಕ್ಕಕ್ಕೆ ಗೇಣಿಗೆ ಹಿಡಿದವನು. ಗೇಣಿಯನ್ನು ಕರ್ನಾಟಕದ ಕಾನೂನು 1974ರಲ್ಲಿಯೇ ರದ್ದುಪಡಿಸಿದೆ. ಆ ಕಾನೂನು ಸಾವಿರಾರು ಗೇಣಿದಾರರನ್ನು ಭೂಮಾಲೀಕರನ್ನಾಗಿ ಮಾಡಿದ್ದು ನಮ್ಮ ರಾಜ್ಯದ ಹೆಮ್ಮೆ. ಆದರೆ ಇಂದು ಬಾಯಿಮಾತಿನ ಮೇಲೆ ಗದ್ದೆ ಮಾಡುವ ಭೂರಹಿತನು ಕಾನೂನಿನ ಪಾಲಿಗೆ ಇಲ್ಲವೇ ಇಲ್ಲ. ಬೀಜ ಹಾಕಿದವನು ಅವನು, ಸಾಲ ಮಾಡಿದವನು ಅವನು. ‘ಇನ್‌ಪುಟ್ ಸಬ್ಸಿಡಿ’ ಹೋಗುವುದು ಮಾತ್ರ ಖಾತೆದಾರನಿಗೆ. ಹೆಸರಿಗೂ ನಡೆಗೂ ಇರುವ ಈ ಅಂತರವನ್ನು ಯಾವ ಅಧಿಕಾರಿಯೂ ಅಲ್ಲಗಳೆಯಲಾರ.

ವಿಮೆಯಿಲ್ಲದ ಬೆಳೆ ಎಂದರೆ ಬಹುಪಾಲು ಇವರ ಬೆಳೆಯೇ ಎಂಬುದನ್ನು ನೆನಪಿಡಬೇಕು. ವಿಮೆ ಬೇಡವೆಂದು ಬಿಟ್ಟವರಲ್ಲ, ವಿಮೆಯ ಬಾಗಿಲಿನೊಳಗೆ ಕಾಲಿಡಲು ದಾಖಲೆ ಇಲ್ಲದವರು. ಆದ್ದರಿಂದ ವಿಮೆಯಿಲ್ಲದವರಿಗೆ ನೆರವು ನಿಲ್ಲಿಸಿ ಎನ್ನುವ ಸಲಹೆಯು ಬೇಜವಾಬ್ದಾರಿಯನ್ನಲ್ಲ, ಬಡತನವನ್ನು ಶಿಕ್ಷಿಸುತ್ತದೆ.

ಕೊಳೆರೋಗ, ಶೇ. 33 ಮತ್ತು ಮಿಶ್ರತೋಟ

ಸಸ್ಯರೋಗದ ವಿಷಯಕ್ಕೆ ಬರೋಣ. ಮಹಾಳಿ ಅಥವಾ ಕೊಳೆರೋಗವು ಫೈಟಾಫ್ತೊರ ಎಂಬ ಶಿಲೀಂಧ್ರಸದೃಶ ಜೀವಿಯಿಂದ ಬರುತ್ತದೆ. ಎಡೆಬಿಡದ ಮಳೆ, ತಂಪು, ತೇವ, ನಡುನಡುವೆ ಹಣಕುವ ಬಿಸಿಲು ಅದಕ್ಕೆ ಪ್ರಿಯ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿದ ಶೇ. 1ರ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮೊದಲೊಮ್ಮೆ, ನಲವತ್ತು-ನಲವತ್ತೈದು ದಿನಗಳ ಬಳಿಕ ಇನ್ನೊಮ್ಮೆ ಹೊಡೆಯಬೇಕು. ಜುಲೈ ತಿಂಗಳಿಡೀ ಮಳೆ ಬಿಡುವು ಕೊಡದಿದ್ದರೆ ಎರಡನೆಯ ಸಿಂಪಡಣೆ ಸಾಧ್ಯವಾಗುವುದೇ ಇಲ್ಲ. ಆಗ ಕಾಯಿ ಉದುರಲಾರಂಭಿಸುತ್ತದೆ. ಇದು ಅತಿವೃಷ್ಟಿಯ ನೇರ ಪರಿಣಾಮ. ಆದರೆ ಕೇಂದ್ರದ ವಿಪತ್ತುಗಳ ಪಟ್ಟಿಯಲ್ಲಿ ಬರ, ನೆರೆ, ಭೂಕುಸಿತ, ಆಲಿಕಲ್ಲು ಮಳೆ, ಮೇಘಸ್ಫೋಟ, ಕೀಟದಾಳಿಗಳಿವೆ, ಸಸ್ಯರೋಗವಿಲ್ಲ. ಮಿಡತೆ ತಿಂದರೆ ವಿಪತ್ತು, ಕೊಳೆ ತಿಂದರೆ ರೈತನ ಹಣೆಬರಹ. 2022ರ ಮಳೆಗಾಲದಲ್ಲಿ ಎಲೆಚುಕ್ಕೆ ರೋಗ ಮಲೆನಾಡಿನ ತೋಟಗಳಲ್ಲಿ ವ್ಯಾಪಕವಾಗಿ ಹಬ್ಬಿದಾಗಲೂ, ಶೃಂಗೇರಿ, ಕೊಪ್ಪ, ಸುಳ್ಯದ ಕಡೆ ಹಳದಿ ಎಲೆ ರೋಗ ದಶಕಗಳಿಂದ ತೋಟಗಳನ್ನು ಬರಿದು ಮಾಡುತ್ತಿರುವಾಗಲೂ ಈ ತೊಡಕು ಹಾಗೆಯೇ ಉಳಿದಿದೆ.

ಸಮೀಕ್ಷೆಯ ಕಾಲವೂ ತೊಡಕಿನದೇ. ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಗಳ ಜಂಟಿ ಸಮೀಕ್ಷೆ ಆಗಸ್ಟ್ ತಿಂಗಳಿನಲ್ಲಿ ನಡೆದುಹೋಗುತ್ತದೆ. ಕೊಳೆಯ ಪೂರ್ಣ ನಷ್ಟ ಗೊತ್ತಾಗುವುದು ಕೊನೆಕೊಯ್ಲಿನ ಕಾಲಕ್ಕೆ. ಆಗಸ್ಟ್‌ನಲ್ಲಿ ಶೇ. 25 ಎಂದು ಬರೆದುಹೋದ ತೋಟದಲ್ಲಿ ಡಿಸೆಂಬರಿನಲ್ಲಿ ಅರ್ಧದಷ್ಟು ಗೊನೆಗಳೇ ಇಲ್ಲದಿರಬಹುದು. ಶೇ. 32ರಷ್ಟು ಕಳೆದುಕೊಂಡವನಿಗೆ ಸೊನ್ನೆ, ಶೇ. 33 ಕಳೆದುಕೊಂಡವನಿಗೆ ಪೂರ್ಣ ದರ ಎಂಬ ಏರ್ಪಾಡಿನಲ್ಲಿ, ಸಮೀಕ್ಷೆಗೆ ಬಂದವರ ಕಣ್ಣಂದಾಜೇ ನ್ಯಾಯಾಧೀಶನಾಗುತ್ತದೆ. ಶಿಫಾರಸಿಗೆ ದಾರಿ ತೆರೆಯುವುದೂ ಇಲ್ಲಿಯೇ.

ಪರಿಸರದ ದೃಷ್ಟಿಯಿಂದ ಇದಕ್ಕಿಂತ ಗಂಭೀರವಾದ ಪ್ರಶ್ನೆಯೊಂದಿದೆ. ನಮ್ಮ ಹಿರಿಯರು ಅಡಿಕೆಯ ಬುಡದಲ್ಲಿ ಬಾಳೆ, ಏಲಕ್ಕಿ, ಮರದ ಮೈಮೇಲೆ ಮೆಣಸು, ಅಂಚಿನಲ್ಲಿ ಹಲಸು, ಮಾವು ಬೆಳೆಸಿದರು. ಒಂದು ಹೋದರೆ ಇನ್ನೊಂದು ಕೈಹಿಡಿಯಲಿ ಎಂಬುದೇ ಅದರ ತರ್ಕ. ಕಂತಿಲ್ಲದ ಆ ವಿಮೆಯನ್ನು ಸರ್ಕಾರದ ಲೆಕ್ಕ ಗುರುತಿಸುವುದಿಲ್ಲ. ವಿಸ್ತೀರ್ಣವೇ ಅಳತೆಗೋಲಾದಾಗ ಬಳ್ಳಿಗೆ ಪ್ರತ್ಯೇಕ ಗುಂಟೆಯಿಲ್ಲ. ಬುಡದಲ್ಲಿ ನೀರು ನಿಂತು ಸೊರಗು ರೋಗದಿಂದ ಮೆಣಸಿನ ಬಳ್ಳಿಗಳೆಲ್ಲ ಸತ್ತರೂ ಅಡಿಕೆ ನೆಟ್ಟಗೆ ನಿಂತಿದ್ದರೆ ‘ಬೆಳೆ ಸುಸ್ಥಿತಿಯಲ್ಲಿದೆ’ ಎಂದೇ ಬರೆಯುವ ಸಂಭವ ಹೆಚ್ಚು. ಅದೇ, ಗುಡ್ಡದ ಇಳಿಜಾರನ್ನು ಬೋಳಿಸಿ ಶುಂಠಿಯೊಂದನ್ನೇ ಹಾಕಿದ ಜಾಗದಲ್ಲಿ ಇಡೀ ಬೆಳೆ ಕೊಳೆತರೆ ಲೆಕ್ಕ ಸಲೀಸು. ಮಿಶ್ರತೋಟದವನು ನಷ್ಟವನ್ನು ಹಂಚಿಕೊಂಡು ಬದುಕಿದ್ದಕ್ಕೆ ಅವನಿಗೆ ಏನೂ ಇಲ್ಲ. ಎಲ್ಲವನ್ನೂ ಒಂದೇ ಬೆಳೆಯ ಮೇಲೆ ಪಣವಿಟ್ಟವನಿಗೆ ಸಾರ್ವಜನಿಕ ಹಣ. ಶುಂಠಿ ಬೆಳೆದವನೂ ಕಷ್ಟದಲ್ಲಿರುವ ರೈತನೇ, ಅವನಿಗೆ ಕೊಡಬಾರದೆಂದು ನಾನು ಹೇಳುತ್ತಿಲ್ಲ. ಆದರೆ ನೆರವಿನ ನಿಯಮವು ತನಗರಿವಿಲ್ಲದೆಯೇ ಒಂದು ಬೇಸಾಯಕ್ರಮವನ್ನು ಪೋಷಿಸಿ ಇನ್ನೊಂದನ್ನು ಕಡೆಗಣಿಸುತ್ತಿದೆ ಎಂಬುದನ್ನು ಪರಿಸರ ಚಳವಳಿಯವರಾದ ನಾವು ಹೇಳದಿದ್ದರೆ ಇನ್ನಾರು ಹೇಳುತ್ತಾರೆ?

ನೆಲವೇ ಹೋದಾಗ

2018ರ ಆಗಸ್ಟ್‌ನಲ್ಲಿ ಕೊಡಗು, 2019ರ ಆಗಸ್ಟ್‌ನಲ್ಲಿ ಮೂಡಿಗೆರೆಯ ಘಟ್ಟಪ್ರದೇಶ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಈ ಮೂರು ವರ್ಷಗಳಲ್ಲಿ ಬೆಳೆಯಷ್ಟೇ ಅಲ್ಲ, ಬೆಳೆ ನಿಂತಿದ್ದ ನೆಲವೇ ಜಾರಿತು. ಭೂಕುಸಿತದಿಂದ ಜಮೀನು ಕಳೆದುಕೊಂಡ ಸಣ್ಣ, ಅತಿ ಸಣ್ಣ ರೈತರಿಗೆ ಮೇಲೆ ಹೇಳಿದ ನಿಯಮದಲ್ಲಿ ಹೆಕ್ಟೇರಿಗೆ 47,000 ರೂಪಾಯಿ. ಮೂರು ಇಂಚಿಗೂ ಹೆಚ್ಚು ಮರಳು-ಹೂಳು ತುಂಬಿದ್ದರೆ ಅದನ್ನು ತೆಗೆಯಲು ಹೆಕ್ಟೇರಿಗೆ 18,000 ರೂಪಾಯಿ. ಅದೂ ಕಂದಾಯ ದಾಖಲೆಯಲ್ಲಿ ಒಡೆತನ ಸಕ್ರಮವಾಗಿದ್ದವರಿಗೆ ಮಾತ್ರ. ಒಂದು ಎಕರೆ ನೆಲ ಹೊಳೆ ಸೇರಿದರೆ ಹತ್ತೊಂಬತ್ತು ಸಾವಿರ ರೂಪಾಯಿ. ಒಂದು ಅಂಗುಲ ಮೇಲ್ಮಣ್ಣು ರೂಪುಗೊಳ್ಳಲು ನೂರಾರು ವರ್ಷ ಬೇಕೆಂದು ನಾವು ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇವೆ.

ಕೊಡಗಿನ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ತಜ್ಞರು ಅತಿವೃಷ್ಟಿಯ ಜೊತೆಗೆ ಮನುಷ್ಯರು ಮಾಡಿದ ಇಳಿಜಾರಿನ ಕಡಿತವನ್ನು ಮುಖ್ಯ ಕಾರಣವಾಗಿ ಗುರುತಿಸಿದರು. ರಸ್ತೆ ಅಗಲೀಕರಣಕ್ಕೆ, ಹೋಮ್‌ಸ್ಟೇಗಳಿಗೆ, ಬಡಾವಣೆಗಳಿಗೆ ಗುಡ್ಡದ ಬುಡವನ್ನು ನೆಟ್ಟಗೆ ಕತ್ತರಿಸಿದವರು ಒಂದು ಕಡೆ. ಕೆಳಗಿನ ಗದ್ದೆ ಹೂತುಹೋದವರು ಇನ್ನೊಂದು ಕಡೆ. ಕೆಳಗಿನವನಿಗೆ ಸಾರ್ವಜನಿಕ ನಿಧಿಯಿಂದ ಒಂದಿಷ್ಟು ಹಣ ಕೊಟ್ಟು ಪ್ರಕರಣ ಮುಗಿಸಿದಾಗ ಮೇಲೆ ಕಡಿದವನ ಹೊಣೆ ಸದ್ದಿಲ್ಲದೆ ಮಾಫಿಯಾಗುತ್ತದೆ. ಪರಿಹಾರವೆಂಬುದು ಅಪರಾಧವನ್ನು ‘ಪ್ರಕೃತಿ ವಿಕೋಪ’ವಾಗಿ ಪರಿವರ್ತಿಸುವ ಮಂತ್ರವಾಗಬಾರದು. ಕಡಿತಕ್ಕೆ ಅನುಮತಿ ಕೊಟ್ಟ ಕಡತವನ್ನೂ ಪರಿಹಾರದ ಕಡತವನ್ನೂ ಒಂದೇ ಮೇಜಿನ ಮೇಲಿಟ್ಟು ನೋಡುವ ಪದ್ಧತಿ ಬರಬೇಕು.

ಹಕ್ಕೋ, ಕೃಪೆಯೋ?

ಕೇಂದ್ರದ ದರ ಸಾಲದೆಂದು ರಾಜ್ಯ ಸರ್ಕಾರಗಳೇ ಒಪ್ಪಿಕೊಂಡಿವೆ. 2019ರ ನೆರೆಯ ನಂತರ ರಾಜ್ಯವು ಹೆಕ್ಟೇರಿಗೆ 10,000 ರೂಪಾಯಿ ಸೇರಿಸಿತು. 2021ರ ಡಿಸೆಂಬರಿನಲ್ಲಿ ಮಳೆಯಾಶ್ರಿತ ಬೆಳೆಯ ದರವನ್ನು 13,600ಕ್ಕೂ, ನೀರಾವರಿಯದನ್ನು 25,000ಕ್ಕೂ, ತೋಟಗಾರಿಕೆ ಬೆಳೆಯದನ್ನು 28,000ಕ್ಕೂ ಏರಿಸಿತು. 2025ರ ಸೆಪ್ಟೆಂಬರ್ ಕೊನೆಯಲ್ಲಿ, ಕಲಬುರಗಿ ಭಾಗದ ನೆರೆಯ ಬಳಿಕ, ಹೆಕ್ಟೇರಿಗೆ 8,500 ರೂಪಾಯಿ ಹೆಚ್ಚುವರಿ ಘೋಷಣೆಯಾಯಿತು. ಬೇರೆ ಬೇರೆ ಪಕ್ಷಗಳ ಮೂವರು ಮುಖ್ಯಮಂತ್ರಿಗಳು ಒಂದೇ ಸತ್ಯವನ್ನು ಒಪ್ಪಿದಂತಾಯಿತು. ಆದರೆ ಪ್ರತಿಸಲವೂ ಅದು ದೊಡ್ಡ ವಿಪತ್ತಿನ, ದೊಡ್ಡ ಸುದ್ದಿಯ ಬೆನ್ನಿಗೆ ಬಂದ ಘೋಷಣೆ. ಟಿ.ವಿ. ಕ್ಯಾಮೆರಾ ತಲುಪದ ಕಣಿವೆಯಲ್ಲಿ ನಲವತ್ತು ಮನೆಗಳ ಬೆಳೆ ಹೋದರೆ ಅದಕ್ಕೆ ಹೆಚ್ಚುವರಿಯೂ ಇಲ್ಲ, ಘೋಷಣೆಯೂ ಇಲ್ಲ.

2023ರ ಬರದ ಅನುಭವವನ್ನೂ ಮರೆಯಬಾರದು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಲಾಯಿತು. ರಾಜ್ಯವು ಕೇಂದ್ರದಿಂದ 18,171 ಕೋಟಿ ರೂಪಾಯಿ ಕೇಳಿತು. 2024ರ ಆರಂಭದಲ್ಲಿ ರೈತರಿಗೆ ಮೊದಲ ಕಂತಾಗಿ ಸಿಕ್ಕಿದ್ದು ಗರಿಷ್ಠ 2,000 ರೂಪಾಯಿ. 2024ರ ಮಾರ್ಚ್‌ನಲ್ಲಿ ರಾಜ್ಯವು ಸುಪ್ರೀಂ ಕೋರ್ಟಿನ ಮೆಟ್ಟಿಲೇರಬೇಕಾಯಿತು. ಏಪ್ರಿಲ್ ಕೊನೆಯಲ್ಲಿ 3,454 ಕೋಟಿ ಬಿಡುಗಡೆಯಾಯಿತು. ಯಾರು ಸರಿ ಯಾರು ತಪ್ಪು ಎಂಬ ರಾಜಕೀಯ ವಾದ ಇಲ್ಲಿ ಬೇಡ. ಮುಂಗಾರಿನಲ್ಲಿ ಬೆಳೆ ಕಳೆದುಕೊಂಡವನಿಗೆ ಮುಂದಿನ ಮುಂಗಾರಿನ ಹೊಸ್ತಿಲಲ್ಲಿ ಹಣ ಬಂದರೆ ಅದು ಅಷ್ಟರಲ್ಲಿ ಸಾಹುಕಾರನ ಬಡ್ಡಿಗೆ ಸೇರಿಹೋಗಿರುತ್ತದೆ ಎಂಬುದಷ್ಟೇ ನಮ್ಮ ಮಾತು.

ನೆರವು ಕೊಟ್ಟರೆ ರೈತ ವಿಮೆ ಮಾಡಿಸುವುದಿಲ್ಲ ಎಂಬ ವಾದಕ್ಕೆ ಈ ಅಂಕಿಗಳಲ್ಲಿಯೇ ಉತ್ತರವಿದೆ. ಅರ್ಧ ಎಕರೆಗೆ 1,720 ರೂಪಾಯಿ, ಅದೂ ವರ್ಷ ಕಳೆದು ಬರಬಹುದು ಎಂಬ ಭರವಸೆಯ ಮೇಲೆ ಯಾವ ವಿವೇಕಿಯೂ ವಿಮೆಯನ್ನು ಬಿಡುವುದಿಲ್ಲ. ಅವನು ವಿಮೆ ಬಿಡುವುದು ವಿಮೆ ಅವನನ್ನು ತಲುಪದಿರುವುದರಿಂದ. ಹೀಗಾಗಿ ನೆರವು ಮತ್ತು ವಿಮೆ ಒಂದಕ್ಕೊಂದು ಶತ್ರುಗಳಲ್ಲ. ಎರಡನ್ನೂ ಗುಡ್ಡಗಾಡಿಗೆ ಹೊಂದುವಂತೆ ಒಟ್ಟಿಗೇ ತಿದ್ದಬೇಕಾಗಿದೆ.

ನಮ್ಮ ಬೇಡಿಕೆಗಳು

1. ಬಹುವಾರ್ಷಿಕ ಬೆಳೆಯಲ್ಲಿ ಫಸಲಿನ ನಷ್ಟಕ್ಕೂ ಮರದ ನಾಶಕ್ಕೂ ಬೇರೆ ಬೇರೆ ದರವಿರಲಿ. ಮರ, ಬಳ್ಳಿಗಳನ್ನು ಎಣಿಸಿ ಕೊಡುವ ಪದ್ಧತಿ ಅಸಾಧ್ಯವಲ್ಲ. ಕೇರಳ ರಾಜ್ಯದ ಸ್ವಂತ ಬೆಳೆವಿಮಾ ಯೋಜನೆಯು 1995ರಿಂದಲೂ ತೆಂಗು, ಅಡಿಕೆಗಳಿಗೆ ಮರವೊಂದಕ್ಕೆ ಇಷ್ಟೆಂದು ಲೆಕ್ಕ ಹಾಕುತ್ತ ಬಂದಿದೆ.

2. ರಾಜ್ಯ ನಿಧಿಯ ಶೇ. 10ರವರೆಗಿನ ಹಣವನ್ನು ರಾಜ್ಯವೇ ಗುರುತಿಸಿದ ಸ್ಥಳೀಯ ವಿಪತ್ತುಗಳಿಗೆ ಬಳಸಲು ಅವಕಾಶ ನೀಡಲಾಗಿದೆ. ಕೇರಳವು 2024ರ ಮಾರ್ಚ್‌ನಲ್ಲಿ ಮಾನವ-ವನ್ಯಜೀವಿ ಸಂಘರ್ಷವನ್ನು ರಾಜ್ಯ ವಿಪತ್ತೆಂದು ಘೋಷಿಸಿತು. ಕರ್ನಾಟಕವು ಅತಿವೃಷ್ಟಿಯಿಂದ ಹಬ್ಬುವ ಕೊಳೆರೋಗವನ್ನೂ ಎಲೆಚುಕ್ಕೆಯನ್ನೂ ಹಾಗೆಯೇ ಘೋಷಿಸಲಿ.

3. ಗುಡ್ಡಗಾಡಿನ ತಾಲ್ಲೂಕುಗಳಲ್ಲಿ ಎರಡು ಹಂತದ ಸಮೀಕ್ಷೆಯಾಗಲಿ: ಒಂದು ಮಳೆಗಾಲದಲ್ಲಿ, ಇನ್ನೊಂದು ಕೊಯ್ಲಿನ ಕಾಲದಲ್ಲಿ. ಶೇ. 33ರ ಒಂದೇ ಗೆರೆಯ ಬದಲು ನಷ್ಟದ ಪ್ರಮಾಣಕ್ಕೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾದ ದರವಿರಲಿ.

4. ಸಾಗುವಳಿ ಮಾಡುವವನ ಹೆಸರನ್ನು, ಒಡೆತನದ ಪ್ರಶ್ನೆಗೆ ಧಕ್ಕೆಯಾಗದಂತೆ, ಆ ವರ್ಷದ ಬೆಳೆಯ ಮಟ್ಟಿಗೆ ಗ್ರಾಮಸಭೆ ದೃಢೀಕರಿಸಿದರೆ ಸಾಕೆಂಬ ನಿಯಮ ಬರಲಿ.

5. ಮಳೆಮಾಪಕಗಳನ್ನು ಪಂಚಾಯಿತಿಗೊಂದರಂತಲ್ಲ, ಕಣಿವೆಗೊಂದರಂತೆ ಸ್ಥಾಪಿಸಲಿ.

6. ಇಳಿಜಾರು ಕಡಿದುದರಿಂದಾದ ನಷ್ಟಕ್ಕೆ ಕಡಿದವರಿಂದಲೇ ವಸೂಲಿ ಮಾಡುವ ಕ್ರಮವಾಗಲಿ.

ನಾವು ಮಾಡಬೇಕಾದದ್ದು

ಬೇಡಿಕೆ ಸಲ್ಲಿಸಿ ಕೈಕಟ್ಟಿ ಕೂರುವಂತಿಲ್ಲ. ಪೌತಿ ಖಾತೆ ಆಗದ ಮನೆಗಳು ಈ ಬೇಸಿಗೆಯಲ್ಲೇ ಆ ಕೆಲಸ ಮುಗಿಸಿಕೊಳ್ಳಬೇಕು. ಅಣ್ಣತಮ್ಮಂದಿರ ಮನಸ್ತಾಪಕ್ಕೆ ಮುಂದಿನ ಮಳೆಗಾಲ ಕಾಯುವುದಿಲ್ಲ. ಬೆಳೆ ಸಮೀಕ್ಷೆಯವರು ಬಂದಾಗ ಜೊತೆಯಲ್ಲಿ ನಿಂತು ಮಿಶ್ರಬೆಳೆಗಳನ್ನೆಲ್ಲ ಹೆಸರು ಹೇಳಿ ಬರೆಸಬೇಕು. ಪಟ್ಟಿ ಪ್ರಕಟವಾದಾಗ ಆಕ್ಷೇಪಣೆಯನ್ನು ಬಾಯಲ್ಲಿ ಅಲ್ಲ, ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕು.

ವಿದ್ಯಾರ್ಥಿ ಮಿತ್ರರಿಗೆ ಒಂದು ವಿಶೇಷ ಮನವಿ. ನೇರ ಗೋಡೆಯ ಒಂದು ಡಬ್ಬಿ, ಒಂದು ಅಳತೆಪಟ್ಟಿ, ಒಂದು ನೋಟು ಪುಸ್ತಕವಿದ್ದರೆ ನಿಮ್ಮ ಕೇರಿಯ ಮಳೆಯನ್ನು ನೀವೇ ಅಳೆಯಬಹುದು. ಪ್ರತಿದಿನ ಬೆಳಗ್ಗೆ ಎಂಟೂವರೆಗೆ ಬರೆದಿಟ್ಟ ಅಂಕಿ, ಉದುರಿದ ಕಾಯಿಯ ಲೆಕ್ಕ, ದಿನಾಂಕ ಸಹಿತ ಚಿತ್ರ, ಇವು ಮೂರು ವರ್ಷ ಕೂಡಿಬಂದರೆ ಯಾವ ಅಧಿಕಾರಿಯೂ ತಳ್ಳಿಹಾಕಲಾಗದ ಸಾಕ್ಷ್ಯವಾಗುತ್ತವೆ. ವಿಜ್ಞಾನವೆಂದರೆ ಪ್ರಯೋಗಾಲಯದಲ್ಲಿ ಮಾತ್ರ ನಡೆಯುವಂಥದ್ದಲ್ಲ. ಪಂಚಾಯಿತಿಯ ಮಾಪಕ 40 ಮಿಲಿಮೀಟರ್ ಎಂದಾಗ ನಿಮ್ಮ ಕಣಿವೆಯ ಡಬ್ಬಿ 110 ಎಂದು ತೋರಿಸಿದರೆ, ಆ ಎಪ್ಪತ್ತರ ಅಂತರದಲ್ಲಿ ನಿಮ್ಮ ಊರಿನ ನ್ಯಾಯವಿದೆ.

ಮಲೆನಾಡು ನೀರನ್ನೂ ಕಾಡನ್ನೂ ಕಾಯ್ದುಕೊಂಡು ಬಂದಿರುವುದು ತನ್ನೊಬ್ಬಳಿಗಾಗಿ ಅಲ್ಲ. ತುಂಗೆ, ಭದ್ರೆ, ಶರಾವತಿ, ಹೇಮಾವತಿಯರು ಹರಿದು ಬೆಳಕು ಕೊಡುವುದು, ಬೆಳೆ ಕೊಡುವುದು ಬಯಲಿನ ಬಹುದೂರದ ಊರುಗಳಿಗೆ. ಆ ನದಿಗಳ ತಲೆಯಲ್ಲಿ ಕೂತು ಮಿಶ್ರತೋಟ ಮಾಡಿಕೊಂಡಿರುವ ಸಣ್ಣ ರೈತನು ಒಂದು ಕೆಟ್ಟ ಮಳೆಗಾಲಕ್ಕೆ ಸೋತು ನೆಲ ಮಾರಿದರೆ, ಆ ನೆಲಕ್ಕೆ ಬರುವುದು ರೆಸಾರ್ಟು ಇಲ್ಲವೇ ಏಕಬೆಳೆಯ ಪ್ಲಾಂಟೇಷನ್ನು. ಅವನನ್ನು ಅವನ ನೆಲದ ಮೇಲೆ ಉಳಿಸುವ ಹಣವನ್ನು ದಾನವೆಂದು ಎಣಿಸಬೇಕಿಲ್ಲ. ಅದು ಈ ನಾಡು ತನ್ನ ನದಿಗಳ ಮೂಲಕ್ಕೆ ಸಲ್ಲಿಸಬೇಕಾದ ಬಾಕಿ. ಬಾಕಿಯನ್ನು ಕೇಳುವಾಗ ಕೈಮುಗಿಯಬೇಕಾಗಿಲ್ಲ. ಲೆಕ್ಕದ ಪುಸ್ತಕ ಕೈಯಲ್ಲಿದ್ದರೆ ಸಾಕು.